ನಾಲ್ಕನೇ ಇನ್ನಿಂಗ್ಸಿನಲ್ಲಿ ಅಮ್ಮನ ಸಾವು

ವೆಸೆಲಿ, ನೆಬ್ರಾಸ್ಕಾ
ಶುಕ್ರವಾರ, ಜೂನ್ ೧೨, ೧೯೮೭

ಅಕ್ಕ ಸಿಸ್ಟರ್ ಕ್ಲೆಮೆನ್ಸ್‌ಗೆ ಆಲ್ಬೀನಾ ಮಾಡುವ ವಂದನೆಗಳು.

ಇವತ್ತು ಶುಕ್ರವಾರ, ನನ್ನ ಉಪವಾಸ. ಬೆಳಿಗ್ಗೆ ಒಂದು ಲೋಟ ಕಪ್ಪು ಕಾಫಿ, ಮಧ್ಯಾಹ್ನಕ್ಕೆ ಒಣ ಬ್ರೆಡ್ಡು, ಅಷ್ಟೇ. ಕೋಳಿಗಳನ್ನು ಹೊರಗೆ ಬಿಟ್ಟು, ಮೊಟ್ಟೆ ಆರಿಸಿ, ಫಾದರ್ ಮನೆಯ ಅಡುಗೆಕೋಣೆ ಒರೆಸಿ, ಪೀಠದ ಬಟ್ಟೆಗಳಿಗೆ ಗಂಜಿ ಹಾಕಿ ತಂತಿಯ ಮೇಲೆ ಹರವಿ ಬಂದು ಕೂತಿದ್ದೇನೆ. ಗಂಜಿ ಇವತ್ತು ಗಂಟುಗಂಟಾಯಿತು.

ನಿನ್ನೆ ಸಂಜೆ ಟಿವಿಯಲ್ಲಿ ನಮ್ಮ ತಮ್ಮ ಲೂಮಿರ್, ಅಮ್ಮ ತೀರಿಕೊಂಡಳೆಂದು ಹೇಳಿದ. ಅಮ್ಮ ನನ್ನ ಪಕ್ಕದಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದಳು.

ನಿಮ್ಮ ಮಠದಲ್ಲಿ ಟಿವಿ ಇಲ್ಲ, ಅದಕ್ಕೆ ಬಿಡಿಸಿ ಬರೆಯುತ್ತೇನೆ. ರಿವರ್‌ಮೆನ್ ತಂಡದ ಬೇಸ್‌ಬಾಲ್ ಆಟವಿದ್ದ ದಿನ ಅಮ್ಮ ಐದೂವರೆಗೇ ಊಟ ಮುಗಿಸಿ, ಕುರ್ಚಿಯ ತೋಳಿನ ಮೇಲೆ ಸ್ಕೋರ್ ಪುಸ್ತಕ ಇಟ್ಟುಕೊಂಡು ಕೂರುತ್ತಾಳೆ. ಹನ್ನೊಂದು ವರ್ಷದಿಂದ ಇದು ತಪ್ಪಿಲ್ಲ. ಲೂಮಿರ್, ಗಂಡ ಬಿಟ್ಟ ಡೊರೀನ್‌ಳನ್ನು ಚರ್ಚಿನ ಹೊರಗೆ ಮದುವೆಯಾದಂದಿನಿಂದ ಅವಳು ಮಗನ ಹೆಸರೆತ್ತುವುದಿಲ್ಲ. ಆದರೆ ಅವನ ವೀಕ್ಷಕ ವಿವರಣೆ ಇಲ್ಲದ ಆಟವನ್ನು ನೋಡುವುದೂ ಇಲ್ಲ. ಕೇಳಿದರೆ, "ನಾನ್ ನೋಡೋದು ಆಟಾನ ಕಣೇ. ಮಾತಾಡೋರು ಯಾರಾದ್ರೆ ನಂಗೇನು" ಅನ್ನುತ್ತಾಳೆ. ಅವನು ರಜೆ ಹಾಕಿದ ದಿನ ಮಾತ್ರ ಎರಡನೇ ಇನ್ನಿಂಗ್ಸಿಗೇ ಟಿವಿ ಆರಿಸಿ, ಸೊಂಟನೋವು ಎಂದು ಎದ್ದುಹೋಗುತ್ತಾಳೆ.

ನಿನ್ನೆ ಮೊದಲಿಂದಲೂ ಲೂಮಿರ್‌ನ ಮಾತು ಕಮ್ಮಿ. ಜೊತೆಗೆ ಕೂರುವ ಆ ದಪ್ಪ ಮನುಷ್ಯ, ಹಿಂದೆ ರಿವರ್‌ಮೆನ್‌ಗೆ ಚೆಂಡು ಎಸೆಯುತ್ತಿದ್ದ ಬಕ್, ನಾಲ್ಕನೇ ಇನ್ನಿಂಗ್ಸಿನಲ್ಲಿ ಕೆಣಕಿದ.

"ಏನಯ್ಯಾ ಲೂ, ಬಾಯಿಗೆ ಬೀಗ ಹಾಕ್ಕೊಂಡ್ ಬಂದಿದ್ದೀಯಾ? ಡೊರೀನ್ ಇವತ್ತು ಊಟ ಹಾಕ್ಲಿಲ್ವಾ?"

ಎರಡು ಚೆಂಡು ಹೋದವು. ಆಮೇಲೆ ಲೂಮಿರ್, "ನಮ್ಮಮ್ಮ ಹೋಗ್ಬಿಟ್ಳು ಬಕ್. ಊರಿಂದ ಕಾರ್ಡ್ ಬಂತು" ಅಂದ.

ಲೂಮಿರ್ ತಾನೇ ಮುಂದುವರಿಸಿದ. "ಊರಿನ ತಂಡಕ್ಕೆ ಭಾನುವಾರ ಸ್ಕೋರ್ ಬರೀತಿದ್ದೋಳು ಅವಳೇ. ಪೂಜೆ ಮುಗಿಸಿ, ಅದೇ ಟೋಪಿ ಹಾಕ್ಕೊಂಡು ಹುಲ್ಲಿನ ಮೇಲೆ ಕೂತು ಬರೀತಿದ್ಳು. ನಂಗೆ ಅಕ್ಷರ ಬರೋಕ್ ಮುಂಚೆ ಅವಳ ಸ್ಕೋರ್ ಪುಸ್ತಕ ಓದೋಕ್ ಬರ್ತಿತ್ತು. ಈ ಕೆಲಸ ಕಲಿಸಿದ್ದು ಅವಳು. ಪ್ರತಿ ಏಪ್ರಿಲ್‌ನಲ್ಲಿ ಮೊದಲ್ನೇ ಆಟಕ್ಕೆ ಒಂದು ಟಿಕೆಟ್ ಕಳಿಸ್ತಿದ್ದೆ, ನಾವು ಕೂರೋ ಈ ಕೋಣೆ ಕೆಳಗಿನ ಸೀಟು. ಅವಳೂ ಬರ್ಲಿಲ್ಲ, ಟಿಕೆಟ್ಟೂ ವಾಪಸ್ ಬರ್ಲಿಲ್ಲ."

ಅಷ್ಟರಲ್ಲಿ ಪರದೆಯ ಮೇಲೆ ನಮ್ಮವನೊಬ್ಬ ಚೆಂಡನ್ನು ಗೋಡೆಯಾಚೆ ಹೊಡೆದ. ಅದನ್ನು ಹೇಳುವವರೇ ಇಲ್ಲ. ಜನ ಎದ್ದು ಕುಣಿಯುತ್ತಿದ್ದಾರೆ, ಇವರಿಬ್ಬರೂ ಮೌನ. ಅಮ್ಮ ಪೆನ್ಸಿಲ್ ತೆಗೆದು ಪುಸ್ತಕದಲ್ಲಿ ಗುರುತು ಹಾಕಿದಳು.

ಯಾವ ಟಿಕೆಟ್ಟು ಅಕ್ಕ? ಹನ್ನೊಂದು ವರ್ಷದಲ್ಲಿ ಅವನಿಂದ ಈ ಮನೆಗೆ ಒಂದು ಚೂರು ಕಾಗದ ಬಂದದ್ದನ್ನು ನಾನು ಕಂಡಿಲ್ಲ.

ಕಾರ್ಡಿನ ತಪ್ಪು ನನ್ನದು. ಅಮ್ಮನಿಗೆ ಎಂಬತ್ತು ತುಂಬಿತೆಂದು ಅವಳ ಹೆಸರಿನಲ್ಲಿ ಪೂಜೆ ಹೇಳಿಸಿದೆ. ಅದರ ಕಾರ್ಡು ಲೂಮಿರ್‌ಗೂ ಒಂದು ಹೋಗಲಿ ಎಂದುಕೊಂಡೆ. ಬದುಕಿರುವವರ ಪೂಜೆಗೆ ಗುಲಾಬಿಯ ಕಾರ್ಡು, ಸತ್ತವರ ಪೂಜೆಗೆ ನೇರಳೆ ಅಂಚಿನ ಶಿಲುಬೆಯ ಕಾರ್ಡು. ನಿನಗೆ ಗೊತ್ತಲ್ಲ. ಗುಲಾಬಿಯವು ಮುಗಿದಿದ್ದವು. ಫಾದರ್ ವಾಹಾ, "ಇದ್ರಲ್ಲೇ ಹೆಸ್ರು ಬರಿಯಮ್ಮ ಆಲ್ಬೀನಾ, ಪೂಜೆ ಪೂಜೆನೇ" ಅಂದರು. ಬರೆದೆ. ಜೊತೆಗೆ ಎರಡು ಸಾಲು ಬರೆದಿದ್ದರೆ ಮುಗಿದುಹೋಗುತ್ತಿತ್ತು. ಅಮ್ಮನ ಎಂಬತ್ತಕ್ಕೂ ಒಂದು ಮಾತು ಕಳಿಸದವನಿಗೆ ನಾನೇಕೆ ಬರೆಯಲಿ ಎಂಬ ಸಿಟ್ಟಿನಲ್ಲಿ ಬರಿಯ ಕಾರ್ಡು ಹಾಕಿದೆ. ಚರ್ಚಿನ ಮೆಟ್ಟಿಲು ಹತ್ತಿ ಹನ್ನೊಂದು ವರ್ಷವಾದವನು ನೇರಳೆ ಅಂಚು ನೋಡಿದ್ದು ಅಪ್ಪ ಹೋದಾಗ ಮಾತ್ರ.

ನಾನು ಎದ್ದು ಫೋನಿಗೆ ಕೈ ಹಾಕಿದೆ. ಅಮ್ಮ ಬಂದು ಅದರ ಮೇಲೆ ಅಂಗೈ ಒತ್ತಿದಳು.

"ಕೆಳಗಿಡು."

"ನೀನ್ ಬದುಕಿದ್ದೀಯ ಅಂತ ಹೇಳೋದ್ ಬೇಡ್ವೇನಮ್ಮ?"

"ಬದುಕಿದ್ದಾಗ ಹನ್ನೊಂದು ವರ್ಷ ನನ್ ಬಗ್ಗೆ ಒಂದ್ ಮಾತಾಡ್ಲಿಲ್ಲ. ಇವತ್ತು ಒಂದು ಇನ್ನಿಂಗ್ಸ್ ಪೂರ್ತಿ ಮಾತಾಡ್ದ. ಇನ್ನೂ ಏನೇನ್ ಹೇಳ್ತಾನೋ ಕೇಳ್ತೀನಿ. ಸುಮ್ನಿರು."

ಅಕ್ಕ, ಬಾಯಿಬಿಟ್ಟು ಹೇಳದಿದ್ದರೂ ಸುಮ್ಮನಿರುವುದು ಸುಳ್ಳಾಗುತ್ತದೆಯೇ? ತಾಯಿಯ ಮಾತು ಮೀರಬಾರದೆಂದೂ ಕಟ್ಟಳೆ ಇದೆಯಲ್ಲ. ಬೇಗ ಬರೆ.

ದಿಕ್ಕು ತೋಚದ ನಿನ್ನ ತಂಗಿ,
ಆಲ್ಬೀನಾ


ಮಠದಿಂದ
ಶನಿವಾರ, ಜೂನ್ ೨೦

ತಂಗಿ ಆಲ್ಬೀನಾ,

ಇಲ್ಲಿ ನಮಗೆ ಕಾಗದಗಳು ಶನಿವಾರ ಮಾತ್ರ ಕೈಗೆ ಸಿಗುತ್ತವೆ. ಹೋದ ಶನಿವಾರ ಬಂದದ್ದು ಲೂಮಿರ್‌ನ ಕಾಗದ. ನಿನ್ನದು ಬಂದದ್ದು ಇವತ್ತು. ನಡುವಿನ ಏಳು ದಿನ ನಾವು ಹತ್ತೊಂಬತ್ತು ಜನ ಅಮ್ಮನಿಗಾಗಿ ಸತ್ತವರ ಪ್ರಾರ್ಥನೆ ಹಾಡಿದೆವು. ಮುದುಕಿ ಸಿಸ್ಟರ್ ಆಂಬ್ರೋಸ್ ಮೊಣಕಾಲು ನೋವಿನಲ್ಲೂ ಬಗ್ಗಿ ಬಗ್ಗಿ ಎದ್ದರು.

ನಿನ್ನ ಕಾಗದವನ್ನು ಮಠದ ಮದರ್‌ಗೆ ಓದಿ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಾಡಿದ್ದು ಎಲ್ಲೂ ಹೋಗಲ್ಲ ಬಿಡು, ಯಾವತ್ತಾದ್ರೂ ಬೇಕಾಗುತ್ತೆ" ಅಂದರು. ನನಗೆ ನಗು ಬರಲಿಲ್ಲ. ಏಳು ದಿನ ನಾನು ಅವಳನ್ನು ಮಣ್ಣಿಗೆ ಕೊಟ್ಟು ಬಂದವಳಂತೆ ಇದ್ದೆ. ಈಗ ಸಂತೋಷಪಡಬೇಕು, ಆದರೆ ಮನಸ್ಸು ಇನ್ನೂ ಆ ದುಃಖದಿಂದ ಹೊರಬಂದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ಹೌದು, ಸುಳ್ಳೇ. ಅಮ್ಮ ಹೇಳಿಸಿದರೂ ಸುಳ್ಳೇ.

ಲೂಮಿರ್ ಬರೆದ ಒಂದು ಸಾಲು ನಿನಗೆ ತಿಳಿದಿರಲಿ. "ದೊಡ್ಡಕ್ಕ, ಆಲ್ಬೀನಕ್ಕ ನನ್ನನ್ನು ಅಮ್ಮನ ಹೆಣದ ಹತ್ತಿರಕ್ಕೂ ಬಿಡಲಿಲ್ಲ. ಅಷ್ಟು ದ್ವೇಷ ಇತ್ತೆಂದು ನನಗೆ ಗೊತ್ತಿರಲಿಲ್ಲ."

ಇವತ್ತೇ ಅವನಿಗೆ ಬರೆ. ನಾನೇ ಬರೆಯಬಹುದು, ಆದರೆ ಕಾರ್ಡು ಹಾಕಿದವಳು ನೀನು. ನಿನ್ನ ಕೈಯಿಂದಲೇ ಹೋಗಬೇಕು.

ಅಮ್ಮನ ಕೈಗೆ ನನ್ನ ಮುತ್ತು.
ಸಿ. ಕ್ಲೆಮೆನ್ಸ್


ವೆಸೆಲಿ
ಸೋಮವಾರ, ಜೂನ್ ೨೯

ಅಕ್ಕ,

ನಿನ್ನ ಕಾಗದ ಬುಧವಾರ ಬಂತು. ಇನ್ನೂ ಅವನಿಗೆ ಬರೆದಿಲ್ಲ. ಬಯ್ಯುವ ಮುಂಚೆ ಪೂರ್ತಿ ಓದು.

ಊರಿಗೆಲ್ಲ ಗೊತ್ತು. ನಿನಗೆ ಬರೆದ ಮಾರನೆಯ ಬೆಳಿಗ್ಗೆಯೇ ಮಿಸೆಸ್ ಹಾವ್ಲಿಕ್ ಆ ಗುರುವಾರದ ಆಟ ನೋಡಿದ ತನ್ನ ಸೊಸೆಯ ಮಾತು ಕೇಳಿ, ಬೇಯಿಸಿದ ಬಾತುಕೋಳಿ, ಎಲೆಕೋಸಿನ ಪಲ್ಯ ಹೊತ್ತುಕೊಂಡು ಅಳುತ್ತ ಬಂದಳು. ಬಾಗಿಲು ತೆಗೆದವಳು ಅಮ್ಮ.

"ಯಾರೇ ಸತ್ತಿದ್ದು?"

"ನೀನೇ ಅಂತೆ ಕಣೇ ರೋಸಾಲಿಯಾ."

"ಹಂಗಾದ್ರೆ ಒಳಗ್ ಬಾ. ಆರೋಕ್ ಮುಂಚೆ ತಿನ್ನೋಣ."

ಫಾದರ್ ವಾಹಾ ಮೂರು ಸಲ ಟಿವಿ ಕಚೇರಿಗೆ ಫೋನ್ ಮಾಡಿದರು. ಅಲ್ಲಿ ಕೂತ ಹುಡುಗಿಗೆ ದಿನವಿಡೀ ಇಂಥವೇ ಕರೆ. ಇವರು "ಲೂ ಅವರ ತಾಯಿಯ ವಿಷಯ" ಎಂದು ಬಾಯಿ ತೆಗೆಯುವಷ್ಟರಲ್ಲಿ, "ನಿಮ್ಮ ಸಂತಾಪ ತಿಳಿಸ್ತೀವಿ ಫಾದರ್, ತುಂಬ ಥ್ಯಾಂಕ್ಸ್" ಎಂದು ಇಟ್ಟುಬಿಡುತ್ತಾಳೆ. ಮೂರನೆಯ ಸಲ ಫಾದರ್, "ಮಗಳೇ, ಆಕೆ ಸತ್ತಿಲ್ಲ" ಅಂದರೆ, "ಹೌದು ಫಾದರ್, ನಮ್ಮ ಮನಸ್ಸಲ್ಲಿ ಯಾವತ್ತೂ ಇರ್ತಾರೆ" ಅಂದಳಂತೆ.

ಲೂಮಿರ್ ಪ್ರತಿ ಆಟದಲ್ಲೂ ಒಂದಿಷ್ಟು ಹೇಳುತ್ತಾನೆ. ಅಮ್ಮ ಬಟ್ಟೆ ಒಗೆಯುವಾಗ ರೇಡಿಯೋವನ್ನು ಕಿಟಕಿಯ ಮೇಲಿಟ್ಟು ಆಟ ಕೇಳುತ್ತಿದ್ದುದು, ಅಂಪೈರ್ ತಪ್ಪು ಕೊಟ್ಟಾಗ ಜಪಸರದ ನಡುವೆಯೇ ಬಯ್ಯುತ್ತಿದ್ದುದು. ಅಮ್ಮ ಈಗ ಪೂಜೆಗೆ ಹೋಗುವ ಉಡುಪು ತೊಟ್ಟು ಟಿವಿ ಮುಂದೆ ಕೂರುತ್ತಾಳೆ. "ಅದು ಗುರುವಾರ ಅಲ್ಲ ಕಣೋ, ಬುಧವಾರ" ಎಂದು ಪರದೆಗೆ ತಿದ್ದುತ್ತಾಳೆ. ಅವಳು ಇಷ್ಟು ನಕ್ಕದ್ದನ್ನು ನಾನು ಅಪ್ಪ ಇದ್ದಾಗಲೂ ನೋಡಿರಲಿಲ್ಲ. ಅದಕ್ಕೇ ನನ್ನ ಪೆನ್ನು ಏಳಲಿಲ್ಲ.

ನಿನ್ನೆ ಭಾನುವಾರ, ಏಳನೇ ಇನ್ನಿಂಗ್ಸು. ಚೆಂಡು ಎಸೆಯುವವನು ಬದಲಾಗುವ ಹೊತ್ತು. ಬಕ್ ಕೇಳಿದ, "ಲೂ, ಕೊನೇ ಸಲ ಅಮ್ಮನ ಹತ್ರ ಮಾತಾಡಿದ್ದು ಯಾವಾಗ?"

"ಮದುವೆ ಹಿಂದಿನ ದಿನ. ಡೊರೀನ್‌ನ ಕರ್ಕೊಂಡು ಊರಿಗೆ ಹೋಗಿದ್ದೆ. ಬರೋ ಮುಂಚೆ ಒಂದು ಮಾತಂದೆ ಅಮ್ಮನಿಗೆ. ನನ್ನ ಪಾಲಿಗೆ ನೀನು ಸತ್ತೆ, ಅಂದೆ. ಈಗ ವಾಪಸ್ ತಗೊಳ್ಳೋಣ ಅಂದ್ರೆ ಯಾರ ಹತ್ರ ಹೋಗ್ಲಿ?"

ನನಗೆ ಮೈ ಉರಿಯಿತು. ತಾಯಿಗೆ ಹಾಗನ್ನುವ ಮಗನಿಗಾಗಿಯೇ ನಾನು ಮರುಗಿದ್ದು ಎಂದು ಟಿವಿ ಆರಿಸಲು ಎದ್ದೆ.

"ಅವನು ಅನ್ಲಿಲ್ಲ" ಅಂದಳು ಅಮ್ಮ.

"ಏನು?"

"ಅವನು ಅನ್ಲಿಲ್ಲ ಆಲ್ಬೀ. ಅಂದಿದ್ದು ನಾನು. ಈ ಬಾಗಿಲಲ್ಲೇ ನಿಂತು. ಆ ಹೆಂಗಸು ಗಾಡೀಲಿ ಕೂತಿದ್ಳು, ಅವಳಿಗೂ ಕೇಳ್ಲಿ ಅಂತ ಜೋರಾಗೇ ಅಂದೆ. ಅವನು ಟೋಪಿ ಎತ್ಕೊಂಡು ಹೋದ, ಅಷ್ಟೇ. ತಿರುಗಿ ಒಂದು ಮಾತು ಆಡ್ಲಿಲ್ಲ."

ಆ ದಿನ ನಾನು ಫಾದರ್ ಮನೆಯಲ್ಲಿ ಕೆಲಸದಲ್ಲಿದ್ದೆ. ಬಂದಾಗ ಅಮ್ಮ ಆಲೂಗಡ್ಡೆ ಹೆಚ್ಚುತ್ತಿದ್ದಳು, "ಬಂದಿದ್ದ, ಹೋದ" ಅಂದಿದ್ದಳು. ಅವನ ಕಲ್ಲುಮನಸ್ಸು ಕರಗಲಿ ಎಂದು ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಶುಕ್ರವಾರ ಉಪವಾಸ ಮಾಡಿದ್ದೇನೆ. ಹನ್ನೊಂದು ವರ್ಷದ ಶುಕ್ರವಾರಗಳನ್ನು ತಪ್ಪು ವಿಳಾಸಕ್ಕೆ ಕಳಿಸಿದ್ದೆ ಅಕ್ಕ.

ಅಮ್ಮ ಒಳಗೆ ಹೋಗಿ ಹೊಲಿಗೆಯ ಡ್ರಾಯರ್ ಎಳೆದು ತಂದು ಮಡಿಲಲ್ಲಿಟ್ಟಳು. ನೂಲಿನುಂಡೆಗಳ ಕೆಳಗೆ ಹನ್ನೊಂದು ಲಕೋಟೆ. ಎಲ್ಲವನ್ನೂ ಒಡೆದಿದ್ದಳು. ಒಂದೊಂದರಲ್ಲೂ ಒಂದು ಟಿಕೆಟ್ಟು, ಅದೇ ಸಾಲು, ಅದೇ ಸೀಟು. ನಾನು ಕೆಲಸಕ್ಕೆ ಹೋದ ಹೊತ್ತಿಗೆ ಅಂಚೆ ಬರುತ್ತದೆ, ಆದ್ದರಿಂದ ನನಗೆ ತಿಳಿಯಲಿಲ್ಲ.

"ಯಾಕಮ್ಮ ಹೋಗ್ಲಿಲ್ಲ?"

"ಹೋಗಿ ಏನ್ ಹೇಳ್ಲಿ? ಅಂದ ಮಾತು ತಪ್ಪಾಯ್ತು ಅಂತ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ. ಒಂದು ವರ್ಷ ಹೋಯ್ತು, ಎರಡನೇದು ಹೋಯ್ತು. ಆಮೇಲೆ ಇನ್ನೂ ಕಷ್ಟ ಆಯ್ತು."

ನಾನು ಈಗಲಾದರೂ ಫೋನ್ ಮಾಡೋಣ ಎಂದೆ. ಅಮ್ಮನ ಮುಖ ನೋಡಿ ನಾನೇ ಹೆದರಿದೆ.

"ಸತ್ತೋಳನ್ನ ಅವನು ಕ್ಷಮಿಸಿದ್ದಾನೆ ಕಣೇ. ನನ್ ತಪ್ಪನ್ನ ಊರೆದುರು ತನ್ ತಲೆ ಮೇಲೆ ಹಾಕ್ಕೊಂಡು ಕ್ಷಮಿಸಿದ್ದಾನೆ. ನಾನು ಬದುಕಿದ್ದೀನಿ, ಅದೂ ಇಷ್ಟು ದಿನ ಕೂತು ಕೇಳ್ತಿದ್ದೆ ಅಂತ ಗೊತ್ತಾದ್ರೆ, ಆ ಕ್ಷಮೆ ಉಳಿಯುತ್ತಾ?"

ಇದಕ್ಕೆ ಉತ್ತರ ನಿನಗೆ ಗೊತ್ತಿದ್ದರೆ ಬರೆ.

ನಿನ್ನ
ಆಲ್ಬೀನಾ


ಭಾನುವಾರ, ಜುಲೈ ೫

ಆಲ್ಬೀನಕ್ಕ,

ಈ ಕಾಗದ ಬರೆಯಲು ನನಗೆ ಮನಸ್ಸಿಲ್ಲ. ಬೇರೆ ದಾರಿಯೂ ಇಲ್ಲ. ಎರಡು ಸಲ ಫೋನ್ ಮಾಡಿದೆ, ನಿನ್ನ ಧ್ವನಿ ಕೇಳಿದ ತಕ್ಷಣ ಇಟ್ಟೆ.

ಒಂದು ಕರೆ ಮಾಡಿದ್ದರೆ ಸಾಕಿತ್ತು ಅಕ್ಕ. ಆಟದ ನಡುವೆ ಎದ್ದು ಬರುತ್ತಿದ್ದೆ. ಹೆಗಲು ಕೊಡುವುದಕ್ಕೂ ಬೇಡವಾದೆನೆ? ಒಂದು ಕಾರ್ಡು. ಅದರಲ್ಲಿ ನಿನ್ನ ಅಕ್ಷರದಲ್ಲಿ ಅಮ್ಮನ ಹೆಸರು, ಅಷ್ಟೇ. ಆ ದಿನ ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಪ್ರಸಾರದ ಕೋಣೆಗೆ ಹೋದೆ. ಹೇಳಬೇಕೆಂದು ಇರಲಿಲ್ಲ. ಬಕ್ ಕೆಣಕಿದ, ಬಂದುಬಿಟ್ಟಿತು.

ಮುಂದಿನ ವಾರದ ನಡುವೆ ಮೂರು ದಿನ ಯಾವ ತಂಡಕ್ಕೂ ಆಟವಿಲ್ಲ. ಮಂಗಳವಾರ ಹದಿನಾಲ್ಕಕ್ಕೆ ಬರುತ್ತೇನೆ. ಮನೆಗೆ ಬರುವುದಿಲ್ಲ, ನೀನು ಬಾಗಿಲು ಹಾಕಿಕೊಂಡು ಇರಬಹುದು. ಗೋರಿ ಎಲ್ಲಿ ಎಂದು ಮಾತ್ರ ತಿಳಿಸು. ಅಪ್ಪನ ಪಕ್ಕದಲ್ಲೋ, ಅಜ್ಜಿಯ ಸಾಲಿನಲ್ಲೋ? ಹುಡುಕುತ್ತ ಊರವರ ಕಣ್ಣಿಗೆ ಬೀಳಲು ನನಗೆ ಇಷ್ಟವಿಲ್ಲ.

ನನಗೆ ಈಗೀಗ ದೂರ ಓಡಿಸಲು ಕಣ್ಣು ಸಾಲದು. ಡೊರೀನ್ ಗಾಡಿ ಓಡಿಸುತ್ತಾಳೆ. ಹೆದರಬೇಡ, ಅವಳು ಸ್ಮಶಾನದ ಗೇಟಿನ ಹೊರಗೇ ಇರುತ್ತಾಳೆ. ಒಳಗೆ ಬಂದರೆ ಅಮ್ಮನಿಗೆ ಸರಿಹೋಗುವುದಿಲ್ಲವೆಂದು ಅವಳೇ ಹೇಳಿದಳು.

ಲೂಮಿರ್


ವೆಸೆಲಿ
ಶುಕ್ರವಾರ, ಜುಲೈ ೧೦

ತಮ್ಮ ಲೂಮಿರ್,

ಗೋರಿ ಎಲ್ಲಿ ಎಂದು ಕೇಳಿದ್ದೀಯ. ಗೋರಿ ಇಲ್ಲ. ಅಮ್ಮ ಬದುಕಿದ್ದಾಳೆ. ಈಗ ಅಡುಗೆಮನೆಯಲ್ಲಿ ಕೂತು ಚೆರ್ರಿಯ ಬೀಜ ತೆಗೆಯುತ್ತಿದ್ದಾಳೆ.

ಇದನ್ನು ಅಂಚೆಗೆ ಹಾಕಿದರೆ ಮಂಗಳವಾರದೊಳಗೆ ನಿನಗೆ ಸಿಗುವುದಿಲ್ಲವೆಂದು, ನಗರಕ್ಕೆ ಮೊಟ್ಟೆ ಲಾರಿ ಓಡಿಸುವ ವೊಂದ್ರಾ ಕೈಲಿ ಕಳಿಸುತ್ತಿದ್ದೇನೆ. ಆಟ ಮುಗಿದ ಮೇಲೆಯೇ ಕೊಡು ಎಂದಿದ್ದೇನೆ. ಫೋನ್ ಮಾಡಬಹುದಿತ್ತು. ನಾಲ್ಕು ಸಲ ನಂಬರು ತಿರುಗಿಸಿ ಇಟ್ಟೆ. ಸತ್ತಳೆಂದು ಹೇಳುವುದಕ್ಕೆ ಜನರ ಬಳಿ ಮಾತು ಸಿದ್ಧವಿರುತ್ತದೆ. ಸತ್ತಿಲ್ಲವೆಂದು ಹೇಳಲು ನನಗೆ ಒಂದೂ ಸಿಗಲಿಲ್ಲ.

ಆ ಕಾರ್ಡು ಅಮ್ಮನ ಎಂಬತ್ತನೆಯ ಹುಟ್ಟುಹಬ್ಬದ ಪೂಜೆಯದು. ಗುಲಾಬಿಯದು ಮುಗಿದಿತ್ತು, ನೇರಳೆ ಅಂಚಿನದರಲ್ಲಿ ಹೆಸರು ಬರೆದೆ. ಸಿಟ್ಟಿನಿಂದ ಬೇರೇನೂ ಬರೆಯಲಿಲ್ಲ. ನೀನು ಟಿವಿಯಲ್ಲಿ ಹೇಳಿದಾಗ ನಾವಿಬ್ಬರೂ ಕೇಳುತ್ತಿದ್ದೆವು. ಮಾರನೆಯ ದಿನವೇ ತಿಳಿಸಬೇಕಿತ್ತು. ಒಂದು ತಿಂಗಳು ತಿಳಿಸಲಿಲ್ಲ. ಅಮ್ಮ ಬೇಡವೆಂದಳು ನಿಜ, ಆದರೆ ನನಗೆ ಐವತ್ತು ವರ್ಷ, ಅವಳ ಹೆಸರು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಪಾಪನಿವೇದನೆ ಮಾಡಿದೆ. ಫಾದರ್ ಜಪ ಏನೂ ವಿಧಿಸಲಿಲ್ಲ, ಈ ಕಾಗದ ಬರೆ ಅಂದರು. ದೊಡ್ಡಕ್ಕನೂ ಅದನ್ನೇ ಬರೆದಿದ್ದಳು.

ಬಾಗಿಲಲ್ಲಿ ಆ ಮಾತು ಅಂದವರು ಯಾರೆಂದು ನನಗೆ ಈಗ ಗೊತ್ತು. ಅಮ್ಮನೇ ಹೇಳಿದಳು. ಟಿಕೆಟ್ಟುಗಳನ್ನೂ ತೋರಿಸಿದಳು. ಹನ್ನೊಂದು ವರ್ಷ ನಿನ್ನನ್ನು ಕಲ್ಲುಮನಸ್ಸಿನವನೆಂದು ಬಗೆದೆ. ಅದಕ್ಕೆ ಕ್ಷಮೆ ಕೇಳುತ್ತೇನೆ. ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನ್ನ ಕಾಗದವನ್ನು ಬುಧವಾರ ಅಮ್ಮನಿಗೆ ಓದಿ ಹೇಳಿದೆ. ಹೆಗಲು ಕೊಡುವ ಮಾತು ಬಂದಾಗ ಕಣ್ಣು ಮುಚ್ಚಿಕೊಂಡಳು. ಡೊರೀನ್ ಸ್ಮಶಾನದ ಹೊರಗೆ ನಿಲ್ಲುತ್ತಾಳೆ ಎಂಬಲ್ಲಿಗೆ, "ಅದನ್ನ ಇನ್ನೊಂದ್ಸಲ ಓದು" ಅಂದಳು. ಓದಿದೆ. ಮತ್ತೊಂದು ಸಲ ಓದಿಸಿದಳು.

"ಇದು ಅವನು ಬರೆದಿದ್ದಾ, ಅವಳು ಹೇಳಿದ್ದಾ?"

"ಅವಳೇ ಹೇಳಿದ್ಳಂತೆ ಅಮ್ಮ."

ನಿನ್ನೆ ಮಧ್ಯಾಹ್ನವೆಲ್ಲ ಅಮ್ಮ ಕೂತು ಬರೆದಳು. ನಿನ್ನ ಆಟವಿತ್ತು, ಟಿವಿ ಹಾಕಲು ಬಿಡಲಿಲ್ಲ. ಬರೆದು, ಹೊಡೆದು, ಹಾಳೆ ಬದಲಿಸಿ, ನಮ್ಮ ಹಳೆಯ ಚೆಕ್ ಭಾಷೆಯಲ್ಲೇ ಬರೆದು, ಮೈದಾಹಿಟ್ಟಿನ ಅಂಟಿನಿಂದ ಲಕೋಟೆ ಅಂಟಿಸಿದ್ದಾಳೆ. ಏನು ಬರೆದಳೋ ನಾನು ಕೇಳಿಲ್ಲ. ಇವತ್ತು ಬೆಳಿಗ್ಗೆ, ನನ್ನ ಕಾಗದದ ಜೊತೆ ಅದನ್ನೂ ವೊಂದ್ರಾ ಕೈಲಿ ಕೊಡ್ತೀನಿ ಅಂದೆ.

"ಬೇಡ. ಈ ಮನೆಯಿಂದ ಕಳಿಸಿದ್ದು ಒಂದ್ಸಲ ಏನಾಯ್ತು ಅಂತ ನೋಡಿದ್ವಲ್ಲ. ಯಾರಾದ್ರೂ ಬಂದು ನನ್ ಕೈಯಿಂದ ತಗೊಂಡ್ ಹೋಗ್ಲಿ."

"ವಿಷಯ ತಿಳಿದ ಮೇಲೆ ಲೂಮಿರ್ ಸಿಟ್ಟಾಗಿ ಬರದೇ ಹೋದ್ರೆ?"

"ಸಿಟ್ಟಿದ್ರೆ ಇರ್ಲಿ, ಅವನಿಗೆ ನ್ಯಾಯ ಇದೆ. ಬರೋದಾದ್ರೆ ಬರ್ಲಿ, ಇಲ್ದಿದ್ರೆ ಗೇಟಿನ ಹೊರಗೇ ನಿಲ್ಲಲಿ. ಗಾಡಿ ಓಡಿಸೋಳು ಒಳಗ್ ಬರ್ಲಿ. ಕಾಗದ ಬರೆದಿರೋದು ಅವಳಿಗೆ."

ಆದ್ದರಿಂದ ಮಂಗಳವಾರ ನೀನು ಏನು ತೀರ್ಮಾನ ಮಾಡಿದರೂ ಸರಿ, ಡೊರೀನ್‌ಳನ್ನು ಕಳಿಸು. ಚೆಕ್ ಭಾಷೆಯನ್ನು ಅವಳಿಗೆ ಓದಿ ಹೇಳಲು ನೀನಿದ್ದೀಯ. ಬಾಗಿಲು ತೆಗೆದೇ ಇರುತ್ತದೆ. ಬಂದು ಅಮ್ಮನ ಉತ್ತರ ತೆಗೆದುಕೊಂಡು ಹೋಗಲಿ.

ನಿನ್ನ ಅಕ್ಕ,
ಆಲ್ಬೀನಾ